ಮೆಟ್ಟಿಲ ಬಾವಿಯಿಂದ ನಲ್ಲಿಯವರೆಗೆ

ನಮ್ಮ ಜಹೀರಾಬಾದ್, ಬೀದರ ಕಡೆ ಕೆಂಪು ಕಲ್ಲಿನ ನೆಲ. ಹಿಂದೆ ನಮ್ಮಂಥ ಒಣ ಸೀಮೆಯ ಬಾಳ ಊರಿಗೆ ಮೆಟ್ಟಿಲ ಬಾವಿಯೇ ಆಧಾರ. ಹೆಣ್ಣುಮಕ್ಕಳು ಮೆಟ್ಟಿಲಿಳಿದು, ಮೊಣಕಾಲುಮಟ ನೀರಾಗ ನಿಂತು ಕೊಡ ತುಂಬತಿದ್ರು. ಕಾಲು ತೊಳೆದ ನೀರೇ ಕೊಡಕ್ಕೂ ಬರ್ತಿತ್ತು.

ನಾರುಹುಣ್ಣು ಹರಡಿದ್ದು ಇಂಥ ಬಾವಿಗಳಿಂದಲೇ. ನೀರಿನಲ್ಲಿರೋ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ, ಅದರ ಹೊಟ್ಟ್ಯಾಗ ನಾರುಹುಳದ ಮರಿ. ಆ ನೀರು ಕುಡಿದ ಮನುಷ್ಯನ ಕಾಲಿನಿಂದ ಸುಮಾರು ಒಂದು ವರ್ಷದ ಮೇಲೆ ಎರಡು ಮೂರು ಅಡಿ ಉದ್ದದ ಹುಳ ಹೊರಗೆ ಬರ್ತಿತ್ತು. ಉರಿ ತಾಳಲಾರದೆ ಅವನು ಬಾವಿಗಿಳಿದು ಕಾಲು ಅದ್ದಿದರೆ ಮತ್ತೆ ಸಾವಿರಾರು ಮರಿ ನೀರಿಗೆ. ಇದಕ್ಕೆ ಔಷಧವೂ ಇಲ್ಲ, ಲಸಿಕೆಯೂ ಇಲ್ಲ. ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೆಯಬೇಕು. ಬಿತ್ತನೆಗೆ ಹೋಗಬೇಕಾದ ರೈತ ವಾರಗಟ್ಟಲೆ ಹಾಸಿಗೆ ಹಿಡೀತಿದ್ದ.

1983ರ ಸುಮಾರಿಗೆ ಸರ್ಕಾರ ಇದರ ನಿರ್ಮೂಲನೆಗೆ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. ಆಂಧ್ರ, ಕರ್ನಾಟಕ, ರಾಜಸ್ಥಾನ ಮುಂತಾದ ಕಡೆ ಮೆಟ್ಟಿಲ ಬಾವಿಗೆ ಕಟ್ಟೆ ಕಟ್ಟಿ ಸೇದೋ ಬಾವಿ ಮಾಡಿದರು, ಕೈಪಂಪು ಹಾಕಿದರು, ನೀರು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂತ ಮನೆಮನೆಗೆ ಹೇಳಿದರು. ದೇಶದ ಕೊನೆಯ ರೋಗಿ ಸಿಕ್ಕಿದ್ದು 1996ರಲ್ಲಿ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಒಂದು ಕಟ್ಟೆ, ಒಂದು ಬಟ್ಟೆ ಇಷ್ಟು ದೊಡ್ಡ ಕೆಲಸ ಮಾಡ್ಯಾವ.

ಈಗ ನಮಗೆ ಸಿಂಗೂರಿನ ನೀರು. ಮಂಜೀರಾ ನದಿ ಮಹಾರಾಷ್ಟ್ರದ ಬಾಲಾಘಾಟ ಗುಡ್ಡದಾಗ ಹುಟ್ಟಿ, ಬೀದರ ಜಿಲ್ಲೆ ದಾಟಿ ಸಿಂಗೂರಿಗೆ ಬರ್ತದೆ. ಆ ಅಣೆಕಟ್ಟು ಕಟ್ಟಿದಾಗ ಮುಖ್ಯವಾಗಿ ಹೈದರಾಬಾದಿನ ದಾಹ ನೋಡಿದ್ದರು. 2016ರ ಆಗಸ್ಟ್ 7ರಂದು ಗಜ್ವೇಲ್ ಕಡೆ ಮಿಷನ್ ಭಗೀರಥ ಉದ್ಘಾಟನೆ ಆಯಿತು. ಹಳ್ಳಿಯವರಿಗೆ ತಲೆಗೆ ದಿನಕ್ಕೆ 100 ಲೀಟರ್ ಅನ್ನೋದು ಅದರ ಗುರಿ. ಅದೇ ವರ್ಷ ನಮ್ಮ ಮೊಗುಡಂಪಲ್ಲಿ ಮಂಡಲವೂ ಆಯಿತು.

ಪಟಿಕ ಹಾಕಿ ಕೆಸರು ಕೂಡಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ ನೀರು ಕಳಿಸ್ತಾರೆ. ಆದರೆ ಅದು ನಮ್ಮೂರ ಟಾಕಿಯಲ್ಲಿ ನಿಂತು ಬರಬೇಕಲ್ಲ! ಮುಚ್ಚಳ ತೆರೆದಿದ್ದರೆ, ತಳದಾಗ ಪಾಚಿ ಕಟ್ಟಿದರೆ ದೂರದ ಶುದ್ಧಿಯೆಲ್ಲಾ ಅಲ್ಲಿಗೇ ಮುಗೀತು. ನಲ್ಲಿಯ ನೀರಿನಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ನಿಯಮ ಅದ. ವಾಸನೆ ಬರ್ತದಂತ ಆ ನೀರು ಚೆಲ್ಲಬೇಡ್ರಿ.

ಗುರುಗಳೇ, ಮಕ್ಕಳಿಗೆ ಹಳೇ ಮೆಟ್ಟಿಲ ಬಾವಿ ತೋರಿಸಿ ನಾರುಹುಣ್ಣಿನ ಕತೆ ಹೇಳಿರಿ. ಹಂಗೇ ಟಾಕಿ ಹತ್ರ ಕರಕೊಂಡು ಹೋಗಿ, ತೊಳೆದ ತಾರೀಖು ಬರೆದಿದೆಯಾ ಅಂತ ಓದಿಸಿರಿ. ಬರೆದಿಲ್ಲದಿದ್ದರೆ ಪಂಚಾಯ್ತಿಗೆ ಹೋಗಿ ಕೇಳೋಣ.