ನಿಯಮಕ್ಕಿಂತ ಮೊದಲೇ ಬಂದ ಸೋಡಾ

ಒತ್ತಡ ಹೆಚ್ಚಿದಷ್ಟೂ ದ್ರವದಲ್ಲಿ ಅನಿಲ ಹೆಚ್ಚು ಕರಗುತ್ತದೆ ಅನ್ನೋದು ಹೆನ್ರಿಯ ನಿಯಮ. ಪಠ್ಯಪುಸ್ತಕಗಳು ಮೊದಲು ನಿಯಮ ಹೇಳಿ, ಕೊನೆಗೆ ‘ಅನ್ವಯ’ ಅಂತ ಸೋಡಾದ ಹೆಸರು ಸೇರಿಸುತ್ತವೆ. ಇತಿಹಾಸದಲ್ಲಿ ನಡೆದದ್ದು ಇದರ ಉಲ್ಟಾ ಎಂಬುದು ನನ್ನ ವಾದ.

1767ರಲ್ಲಿ ಲೀಡ್ಸ್‌ನ ಬಿಯರ್ ಭಟ್ಟಿಯೊಂದರಲ್ಲಿ, ಹುದುಗುವ ತೊಟ್ಟಿಯ ಮೇಲೆ ನಿಂತಿದ್ದ ಅನಿಲವನ್ನು ಜೋಸೆಫ್ ಪ್ರೀಸ್ಟ್ಲಿ ನೀರಿಗೆ ಬೆರೆಸಿದ. ಪಂಪಿನಿಂದ ಒತ್ತಿದರೆ ನೀರು ಇನ್ನೂ ಹೆಚ್ಚು ಅನಿಲ ಹಿಡಿದೀತು ಎಂದು 1772ರ ಕಿರುಹೊತ್ತಗೆಯಲ್ಲಿ ಸೂಚಿಸಿದ. 1783ರಲ್ಲಿ ಜಿನೀವಾದಲ್ಲಿ ಶ್ವೆಪ್ ಅದನ್ನೇ ವ್ಯಾಪಾರ ಮಾಡಿದ. ಮ್ಯಾಂಚೆಸ್ಟರಿನ ಥಾಮಸ್ ಹೆನ್ರಿಯೂ ಸೋಡಾ ತಯಾರಕನೇ. ಅವನ ಮಗ ವಿಲಿಯಂ 1803ರಲ್ಲಿ ಲೆಕ್ಕ ಕೊಟ್ಟ: ಉಷ್ಣತೆ ಬದಲಾಗದಿದ್ದರೆ, ಒತ್ತಡ ಇಮ್ಮಡಿಯಾದಾಗ ಕರಗುವ ಅನಿಲದ ತೂಕವೂ ಇಮ್ಮಡಿ. ಕಸುಬಿನವರಿಗೆ ‘ಹೆಚ್ಚು’ ಗೊತ್ತಿತ್ತು. ವಿಲಿಯಂ ‘ಎಷ್ಟು’ ಅಂತ ಹೇಳಿದ.

1872ರಲ್ಲಿ ಹೈರಮ್ ಕಾಡ್ ಪೇಟೆಂಟ್ ಪಡೆದ ಬಾಟಲಿಯನ್ನು ನಾವೆಲ್ಲ ಬಲ್ಲೆವು: ಮೈಸೂರು ಕಡೆ ಗೋಲಿ ಸೋಡಾ, ಮಲಯಾಳದಲ್ಲಿ ವಟ್ಟು ಸೋಡಾ. ಅದಕ್ಕೆ ಬಿರಡೆ ಬೇಡ. ಒಳಗಿನ ಅನಿಲವೇ ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಗೋಲಿ ಒಳಕ್ಕೆ ತಳ್ಳಿದೊಡನೆ ಒತ್ತಡ ಇಳಿಯುತ್ತದೆ, ನೀರು ಅನಿಲವನ್ನು ಬಿಟ್ಟುಕೊಡುತ್ತದೆ.

ಇಲ್ಲಿ ಕಲ್ಪೆಟ್ಟದವರು ಕೇಳಬಹುದಾದ ಪ್ರಶ್ನೆಯೊಂದಿದೆ. ನಮ್ಮೂರು ಸುಮಾರು 780 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಡಲತೀರಕ್ಕಿಂತ ಹೆಚ್ಚುಕಡಿಮೆ ನೂರಕ್ಕೆ 9ರಷ್ಟು ಕಡಿಮೆ. ಅಷ್ಟೇ ಬಿಸಿಯ ನೀರು ಇಲ್ಲಿ ಆಮ್ಲಜನಕವನ್ನೂ ಅದೇ ಪ್ರಮಾಣದಲ್ಲಿ ಕಡಿಮೆ ಹಿಡಿಯುತ್ತದೆ. ಹಾಗಾದರೆ ಸೋಡಾ ಸಪ್ಪೆಯಾಗೋದಕ್ಕೂ ಎತ್ತರವೇ ಕಾರಣವೇ? ಅಲ್ಲ. ಲೆಕ್ಕಕ್ಕೆ ಬರುವುದು ಗಾಳಿಯ ಒಟ್ಟು ಒತ್ತಡವಲ್ಲ, ಅದರಲ್ಲಿ ಆಯಾ ಅನಿಲದ ಪಾಲು ಎಷ್ಟು ಅನ್ನೋದು. ಈ ಮಾತನ್ನು ಸ್ಪಷ್ಟಪಡಿಸಿದವನು ವಿಲಿಯಂನ ಗೆಳೆಯ ಜಾನ್ ಡಾಲ್ಟನ್. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ ಕೇವಲ 0.04. ಆದ್ದರಿಂದ ತೆರೆದಿಟ್ಟ ಸೋಡಾ ಕೋಯಿಕ್ಕೋಡಿನಲ್ಲೂ ಕೊನೆಗೆ ಸಪ್ಪೆಯೇ.

ಇನ್ನೊಂದು ಮಾತು. ಸೋಡಾ ತುಂಬುವವನಿಗೆ ಒತ್ತಡ ಬರೀ ಸೂತ್ರವಲ್ಲ. ಹೆಚ್ಚಾದರೆ ಗಾಜು ಸಿಡಿದು ಕೈ, ಕಣ್ಣಿಗೆ ಅಪಾಯ. ಎಷ್ಟು ತುಂಬಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋ ಆ ಅಂದಾಜೂ ಜ್ಞಾನವೇ. ಗೋಲಿ ಸೋಡಾ ಯಂತ್ರಗಳನ್ನು ನಡೆಸಿದ ಹಿರಿಯರು ಇರುವಾಗಲೇ ಅವರ ಮಾತನ್ನು ನಾವು ದಾಖಲಿಸಬೇಕು. ಇಲ್ಲದಿದ್ದರೆ ನಿಯಮದ ಹೆಸರು ಉಳಿಯುತ್ತದೆ, ಅದಕ್ಕೆ ದಾರಿ ಮಾಡಿಕೊಟ್ಟ ಕಸುಬಿನ ಕಥೆ ಉಳಿಯೋದಿಲ್ಲ.