ಹವಾನಾದ ಮೂರನೇ ಪೆಡಲ್

ಕ್ಯೂಬಾದ ರಾಜಧಾನಿ ಹವಾನಾ ಎಂದರೆ ನಮ್ಮಲ್ಲಿ ಅನೇಕರ ಕಣ್ಣಿಗೆ ಕಟ್ಟುವುದು ಒಂದೇ ಚಿತ್ರ: ಬಣ್ಣ ಮಾಸಿದ ಹಳೆಯ ಕಟ್ಟಡಗಳ ಮುಂದೆ ಮಿರಮಿರ ಮಿಂಚುವ 1950ರ ದಶಕದ ಅಮೆರಿಕನ್ ಕಾರು. ಷೆವ್ರೊಲೆ, ಬ್ಯೂಕ್, ಓಲ್ಡ್ಸ್‌ಮೊಬೈಲ್, ಪ್ಲಿಮತ್. ಕಾಲ ಅಲ್ಲಿ ನಿಂತುಬಿಟ್ಟಿದೆ ಎಂದು ಪ್ರವಾಸಿಗರು ಹೇಳುವುದುಂಟು. ಆದರೆ ಬಾನೆಟ್ ಎತ್ತಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಅಮೆರಿಕದ ಒಡಲೊಳಗೆ ಸೋವಿಯತ್ ಎಂಜಿನ್ ಇರಬಹುದು, ಫ್ರಾನ್ಸಿನದೋ ಜಪಾನಿನದೋ ಕೊರಿಯಾದ್ದೋ ಡೀಸೆಲ್ ಎಂಜಿನ್ ಇರಬಹುದು. ಇನ್ನೂ ಸ್ವಲ್ಪ ಬಗ್ಗಿ ಚಾಲಕನ ಕಾಲ ಬಳಿ ನೋಡಿದರೆ ಇನ್ನೊಂದು ಬದಲಾವಣೆ ಕಾಣುತ್ತದೆ. ಕಾರ್ಖಾನೆಯಿಂದ ಎರಡೇ ಪೆಡಲ್‌ನೊಂದಿಗೆ ಹೊರಟ ಕೆಲವು ಕಾರುಗಳಲ್ಲಿ ಈಗ ಮೂರು ಪೆಡಲ್‌ಗಳಿವೆ. ಆಟೋಮ್ಯಾಟಿಕ್ ಆಗಿ ಹುಟ್ಟಿದ ಕಾರು ಮ್ಯಾನ್ಯುಯಲ್ ಆಗಿದೆ.

ತಂತ್ರಜ್ಞಾನದ ಇತಿಹಾಸ ಓದುವ ನನಗೆ ಆ ಮೂರನೇ ಪೆಡಲ್ ಬಹಳ ದಿನಗಳಿಂದ ಕಾಡುತ್ತಿದೆ. ನಾವು ಕಲಿತ ಕ್ರಮದಲ್ಲಿ ಮ್ಯಾನ್ಯುಯಲ್ ಮೊದಲು, ಆಟೋಮ್ಯಾಟಿಕ್ ಆಮೇಲೆ. ಒಂದು ಮೆಟ್ಟಿಲು ಹತ್ತಿದ ಮೇಲೆ ಯಾರೂ ಇಳಿಯುವುದಿಲ್ಲ ಎಂಬ ನಂಬಿಕೆ ಆ ಕ್ರಮದಲ್ಲಿದೆ. ಹವಾನಾದ ಮೆಕ್ಯಾನಿಕ್‌ಗಳು ಇಳಿದರು. ಯಾಕೆ ಇಳಿಯಬೇಕಾಯಿತು, ಹೇಗೆ ಇಳಿದರು, ಅದನ್ನು ಹಿನ್ನಡೆ ಎಂದು ಕರೆಯಬಹುದೇ ಎಂಬುದು ಇಲ್ಲಿನ ವಿಚಾರ.

ಮೊದಲು ಆ ಪೆಡಲ್ ಹೇಗೆ ಮಾಯವಾಯಿತು ಎಂಬುದನ್ನು ನೋಡಬೇಕು. ಎಂಜಿನ್ ಸದಾ ತಿರುಗುತ್ತಿರಬೇಕು, ಚಕ್ರಗಳು ಆಗಾಗ ನಿಲ್ಲಬೇಕು. ಇವೆರಡರ ನಡುವಿನ ಸಂಬಂಧವನ್ನು ಬೇಕಾದಾಗ ಕಡಿದು ಮತ್ತೆ ಕೂಡಿಸುವುದೇ ಕ್ಲಚ್‌ನ ಕೆಲಸ. ಅದನ್ನು ಮಾಡುವುದು ಚಾಲಕನ ಎಡಗಾಲು. ಈ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವ ಪ್ರಯತ್ನ ಹಲವರು ಮಾಡಿದ್ದರು. ದೊಡ್ಡ ಪ್ರಮಾಣದಲ್ಲಿ ಗೆದ್ದದ್ದು ಜನರಲ್ ಮೋಟಾರ್ಸ್ ಕಂಪನಿಯ ಹೈಡ್ರಾಮ್ಯಾಟಿಕ್. 1939ರಲ್ಲಿ ಅದು ಹೊರಬಂದದ್ದು 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿನಲ್ಲಿ, ಹೆಚ್ಚುವರಿ 57 ಡಾಲರ್ ಬೆಲೆಗೆ. ಅದನ್ನು ರೂಪಿಸಿದ ತಂಡದ ಮುಂದಾಳು ಅರ್ಲ್ ಥಾಂಪ್ಸನ್. ಗೇರ್ ಬದಲಿಸುವಾಗಿನ ಕರಕರ ಶಬ್ದವನ್ನು ತಪ್ಪಿಸುವ ಸಿಂಕ್ರೊಮೆಶ್ ಕೂಡ ಅವನ ಕೊಡುಗೆಯೇ. ಅದು 1928ರಲ್ಲಿ ಕ್ಯಾಡಿಲಾಕ್ ಕಾರುಗಳಿಗೆ ಬಂದಿತ್ತು. ಅಂದರೆ ಮ್ಯಾನ್ಯುಯಲ್ ಗೇರನ್ನು ಸುಲಭಗೊಳಿಸಿದವನೇ ಆಮೇಲೆ ಅದನ್ನು ಅನಾವಶ್ಯಕಗೊಳಿಸಲು ಹೊರಟ.

ಎರಡನೇ ಮಹಾಯುದ್ಧದಲ್ಲಿ ಹೈಡ್ರಾಮ್ಯಾಟಿಕ್ ಅಮೆರಿಕದ ಎಂ5 ಹಗುರ ಟ್ಯಾಂಕುಗಳಲ್ಲಿ ಕೆಲಸ ಮಾಡಿತು. ಯುದ್ಧ ಮುಗಿದ ಮೇಲೆ ಪೈಪೋಟಿ ಜೋರಾಯಿತು. 1948ರಲ್ಲಿ ಬ್ಯೂಕ್‌ನ ಡೈನಾಫ್ಲೋ, 1950ರಲ್ಲಿ ಷೆವ್ರೊಲೆಯ ಪವರ್‌ಗ್ಲೈಡ್, 1951ರಲ್ಲಿ ಫೋರ್ಡೊಮ್ಯಾಟಿಕ್. ಜಾಹೀರಾತುಗಳು ಮಾರಿದ್ದು ಒಂದೇ ಸುಖವನ್ನು: ಇನ್ನು ಎಡಗಾಲಿಗೆ ಕೆಲಸವಿಲ್ಲ. ಆ ದಶಕ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಹೆಚ್ಚಿನವು ಆಟೋಮ್ಯಾಟಿಕ್ ಆಗಿದ್ದವು.

ಈ ಯಂತ್ರ ಎಷ್ಟು ದೊಡ್ಡ ವ್ಯವಸ್ಥೆಯ ಮೇಲೆ ನಿಂತಿತ್ತು ಎಂಬುದು 1953ರ ಆಗಸ್ಟ್ 12ರಂದು ಬಯಲಾಯಿತು. ಮಿಷಿಗನ್ ರಾಜ್ಯದ ಲಿವೋನಿಯಾದಲ್ಲಿದ್ದ ಹೈಡ್ರಾಮ್ಯಾಟಿಕ್ ಕಾರ್ಖಾನೆ ಅಂದು ಬೆಂಕಿಗೆ ಆಹುತಿಯಾಯಿತು. ಕ್ಯಾಡಿಲಾಕ್, ಓಲ್ಡ್ಸ್‌ಮೊಬೈಲ್, ಪಾಂಟಿಯಾಕ್ ಮಾತ್ರವಲ್ಲ, ಲಿಂಕನ್, ನ್ಯಾಷ್, ಹಡ್ಸನ್‌ನಂಥ ಬೇರೆ ಕಂಪನಿಗಳೂ ಇದೇ ಗೇರ್‌ಬಾಕ್ಸ್ ಕೊಳ್ಳುತ್ತಿದ್ದವು. ಜನರಲ್ ಮೋಟಾರ್ಸ್ ತಾತ್ಕಾಲಿಕವಾಗಿ ಕ್ಯಾಡಿಲಾಕ್‌ಗೆ ಬ್ಯೂಕ್‌ನ ಡೈನಾಫ್ಲೋವನ್ನೂ ಪಾಂಟಿಯಾಕ್‌ಗೆ ಷೆವ್ರೊಲೆಯ ಪವರ್‌ಗ್ಲೈಡನ್ನೂ ಹೊಂದಿಸಿತು. ಯುದ್ಧಕಾಲದಲ್ಲಿ ಬಾಂಬರ್ ವಿಮಾನ ತಯಾರಾಗುತ್ತಿದ್ದ ವಿಲೋ ರನ್ ಕಾರ್ಖಾನೆಗೆ ಉತ್ಪಾದನೆಯನ್ನು ಸಾಗಿಸಿ ಕೆಲವೇ ತಿಂಗಳಲ್ಲಿ ಚೇತರಿಸಿಕೊಂಡಿತು. ಒಂದು ಕಾರಿಗೆ ಅದರದಲ್ಲದ ಗೇರ್‌ಬಾಕ್ಸ್ ಕೂರಿಸುವುದು ಹೀಗೆ ಅಮೆರಿಕದ ಅತಿ ದೊಡ್ಡ ಕಂಪನಿಯೂ ಮಾಡಿದ ಕೆಲಸ. ವ್ಯತ್ಯಾಸವಿಷ್ಟೇ: ಅವರ ಹಿಂದೆ ಎಂಜಿನಿಯರುಗಳ ಪಡೆ ಇತ್ತು, ಸಾಲುಸಾಲು ಕಾರ್ಖಾನೆಗಳಿದ್ದವು, ಕೊರತೆ ಬೇಗ ಮುಗಿಯುತ್ತದೆಂಬ ಭರವಸೆ ಇತ್ತು.

ಹವಾನಾದಲ್ಲಿ ಆ ಭರವಸೆ ಇರಲಿಲ್ಲ. 1959ರ ಜನವರಿಯಲ್ಲಿ ಕ್ರಾಂತಿ ಗೆದ್ದಿತು. 1960ರ ಅಕ್ಟೋಬರಿನಲ್ಲಿ ಅಮೆರಿಕ ಆಹಾರ ಮತ್ತು ಔಷಧಿ ಬಿಟ್ಟು ಉಳಿದೆಲ್ಲ ರಫ್ತನ್ನು ನಿಲ್ಲಿಸಿತು. 1962ರ ಫೆಬ್ರವರಿಯಲ್ಲಿ ಅಧ್ಯಕ್ಷ ಕೆನಡಿ ದಿಗ್ಬಂಧನವನ್ನು ಪೂರ್ಣಗೊಳಿಸಿದರು. ಕಾರುಗಳು ದ್ವೀಪದಲ್ಲೇ ಉಳಿದವು, ಅವುಗಳ ಬಿಡಿಭಾಗಗಳು ಸಮುದ್ರದಾಚೆ ಉಳಿದವು.

ಅಲ್ಲಿದ್ದ ಕಾರುಗಳೆಲ್ಲ ಆಟೋಮ್ಯಾಟಿಕ್ ಆಗಿರಲಿಲ್ಲ. ಸ್ಟೀರಿಂಗ್ ಪಕ್ಕದಲ್ಲಿ ಗೇರ್ ಹಿಡಿ ಇದ್ದ ಮೂರು ಗೇರಿನ ಮ್ಯಾನ್ಯುಯಲ್ ಕಾರುಗಳೂ ಬೇಕಾದಷ್ಟಿದ್ದವು. ಕೊರತೆಯ ಪೆಟ್ಟಿಗೆ ಸುಲಭವಾಗಿ ಸಿಕ್ಕವು ಆಟೋಮ್ಯಾಟಿಕ್‌ಗಳು. ಕಾರಣ ಅವುಗಳ ರಚನೆಯಲ್ಲಿದೆ. ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆಯ ಒತ್ತಡದಿಂದ ಯೋಚಿಸುವ ಯಂತ್ರ. ಕಾರಿನ ವೇಗ ಎಷ್ಟು, ಆಕ್ಸಿಲರೇಟರ್ ಎಷ್ಟು ಒತ್ತಿದೆ ಎಂಬ ಎರಡು ಸಂಗತಿಗಳನ್ನು ಅದು ಎಣ್ಣೆಯ ಒತ್ತಡವಾಗಿ ಬದಲಿಸಿಕೊಂಡು, ಕೂದಲೆಳೆಯಷ್ಟು ನಿಖರವಾಗಿ ಕೊರೆದ ಕವಾಟಗಳ ಮೂಲಕ ಯಾವ ಗೇರ್ ಬೇಕೆಂದು ನಿರ್ಧರಿಸುತ್ತದೆ. ಇದಕ್ಕೆ ಸಾಮಾನ್ಯ ಎಂಜಿನ್ ಆಯಿಲ್ ಸಾಲದು, ವಿಶೇಷ ಎಣ್ಣೆ ಬೇಕು. 1949ರಲ್ಲಿ ಜನರಲ್ ಮೋಟಾರ್ಸ್ ಅದಕ್ಕೊಂದು ಮಾನದಂಡವನ್ನೇ ಗೊತ್ತುಮಾಡಿತ್ತು. ಸವೆತ ತಡೆದು ನಯವಾಗಿ ಗೇರ್ ಹಿಡಿಸಲು ಆ ಎಣ್ಣೆಗೆ ತಿಮಿಂಗಿಲದ ಎಣ್ಣೆಯನ್ನೂ ಬೆರೆಸುತ್ತಿದ್ದರು ಎಂದರೆ ಅದರ ಪೂರೈಕೆಯ ಸರಪಳಿ ಎಲ್ಲಿಂದ ಎಲ್ಲಿಗೆ ಹಬ್ಬಿತ್ತೆಂದು ಊಹಿಸಬಹುದು. ರಬ್ಬರ್ ಸೀಲ್ ಒಂದು ಗಟ್ಟಿಯಾಗಿ ಬಿರುಕು ಬಿಟ್ಟರೆ ಎಣ್ಣೆ ಸೋರುತ್ತದೆ, ಒತ್ತಡ ಇಳಿಯುತ್ತದೆ, ಒಳಗಿನ ಪ್ಲೇಟುಗಳು ಜಾರಿ ಸುಟ್ಟುಹೋಗುತ್ತವೆ. ಮ್ಯಾನ್ಯುಯಲ್ ಗೇರ್‌ಬಾಕ್ಸ್ ಹಲ್ಲುಚಕ್ರಗಳ ಪೆಟ್ಟಿಗೆ. ಅದರಲ್ಲಿ ಹಾಳಾಗುವುದು ಕಣ್ಣಿಗೆ ಕಾಣುತ್ತದೆ. ಎಷ್ಟೋ ಸಲ ಲೇತ್ ಮತ್ತು ವೆಲ್ಡಿಂಗ್ ಇದ್ದರೆ ಸರಿಹೋಗುತ್ತದೆ.

1960ರ ಫೆಬ್ರವರಿಯಲ್ಲಿ ಸೋವಿಯತ್ ನಾಯಕ ಮಿಕೊಯಾನ್ ಹವಾನಾಕ್ಕೆ ಬಂದು ವ್ಯಾಪಾರ ಒಪ್ಪಂದ ಮಾಡಿಕೊಂಡಿದ್ದರು. ಆ ದಾರಿಯಲ್ಲಿ ಬಂದ ವಾಹನಗಳಲ್ಲಿ ವೋಲ್ಗಾ ಕಾರೂ ಒಂದು. ಅದರ 2.4 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಎಷ್ಟೋ ಅಮೆರಿಕನ್ ಕಾರುಗಳ ಹೊಟ್ಟೆ ಸೇರಿತು. ಇಲ್ಲಿ ಇತಿಹಾಸ ಒಂದು ತಮಾಷೆ ಮಾಡಿದೆ. 1956ರಲ್ಲಿ ತಯಾರಿ ಶುರುವಾದ ವೋಲ್ಗಾ ಗಾಜ್-21ರ ಮೊದಲ ಕಾರುಗಳಲ್ಲಿ ಕೆಲವು ನೂರಕ್ಕೆ ಅಮೆರಿಕದ ಮಾದರಿಯನ್ನು ಅನುಸರಿಸಿದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇತ್ತು. ಸೋವಿಯತ್ ದೇಶದಲ್ಲಿ ಅದಕ್ಕೆ ಬೇಕಾದ ಎಣ್ಣೆಯೂ ದುರಸ್ತಿ ಬಲ್ಲ ಗ್ಯಾರೇಜುಗಳೂ ಸಾಲದೆ ಹೋಗಿ ಬೇಗನೆ ಅದನ್ನು ಕೈಬಿಟ್ಟು ಮ್ಯಾನ್ಯುಯಲ್‌ಗೇ ಮರಳಿದರು. ಬಾಹ್ಯಾಕಾಶಕ್ಕೆ ಉಪಗ್ರಹ ಕಳಿಸಿದ ದೇಶಕ್ಕೆ ಆಟೋಮ್ಯಾಟಿಕ್ ಗೇರ್ ಮಾಡಲು ಬರಲಿಲ್ಲವೆಂದಲ್ಲ. ಮಾಡುವುದು ಒಂದು, ಊರೂರಿನಲ್ಲಿ ಅದನ್ನು ನಡೆಸಿಕೊಂಡು ಹೋಗುವುದು ಇನ್ನೊಂದು.

‘ಗೇರ್‌ಬಾಕ್ಸ್ ಬದಲಾಯಿಸಿದರು’ ಎಂದು ಬರೆಯುವುದು ಸುಲಭ. ಆ ಎರಡು ಪದಗಳ ಹಿಂದೆ ಎಷ್ಟು ಕೆಲಸವಿದೆ ಎಂದು ಪುಸ್ತಕಗಳಿಂದ ತಿಳಿಯದೆ ನಾನು ಬೆಂಗಳೂರಿನ ಒಂದು ಹಳೆಯ ಗ್ಯಾರೇಜಿನಲ್ಲಿ ಎರಡು ದಿನ ಕೂತಿದ್ದೆ. ಅಲ್ಲಿ ಒಂದು ಜೀಪಿಗೆ ಬೇರೆ ಡೀಸೆಲ್ ಎಂಜಿನ್ ಕೂರಿಸುತ್ತಿದ್ದರು. ಹವಾನಾದ ಷೆವ್ರೊಲೆಯ ಫೋಟೋ ತೋರಿಸಿ ಕೇಳಿದಾಗ ಹಿರಿಯ ಮೆಕ್ಯಾನಿಕ್ ನಕ್ಕರು: “ನೋಡಮ್ಮ, ಎಂಜಿನ್ ಇಳಿಸೋದು ಒಂದು ದಿನದ ಕೆಲಸ. ಅದಕ್ಕೂ ಇದಕ್ಕೂ ನಂಟು ಮಾಡ್ಸೋದೇ ಹದಿನೈದು ದಿನ.”

ಅವರು ಬೆರಳು ಮಡಚಿ ಎಣಿಸಿದ ಪಟ್ಟಿ ಹೀಗಿತ್ತು. ಹಳೆಯ ಎಂಜಿನ್ನನ್ನೇ ಉಳಿಸಿಕೊಳ್ಳುವುದಾದರೆ ಆಟೋಮ್ಯಾಟಿಕ್‌ಗೆ ಇದ್ದ ತೆಳು ಪ್ಲೇಟ್ ತೆಗೆದು ಭಾರವಾದ ಫ್ಲೈವೀಲ್ ಹಾಕಬೇಕು. ಅದರ ಮೇಲೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್. ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಗೇರ್‌ಬಾಕ್ಸಿನ ಶಾಫ್ಟನ್ನು ಹಿಡಿಯುವ ಪುಟ್ಟ ಬೇರಿಂಗ್‌ಗೆ ಜಾಗವಿಲ್ಲದಿದ್ದರೆ ಕೊರೆಸಬೇಕು. ಅದರ ಬದಲು ಬೇರೆ ಎಂಜಿನ್ ತರುವುದಾದರೆ ಅದರ ಗೇರ್‌ಬಾಕ್ಸನ್ನೂ ಜೊತೆಗೇ ತರುವುದು ಜಾಣತನ, ಈ ತಲೆನೋವೆಲ್ಲ ಒಂದೇ ಏಟಿಗೆ ತಪ್ಪುತ್ತದೆ. ಎಂಜಿನ್ ಬದಲಿಸುವಾಗಲೇ ಆಟೋಮ್ಯಾಟಿಕ್ ಹೋಗಿ ಮ್ಯಾನ್ಯುಯಲ್ ಬರುವುದು ಇದಕ್ಕೇ. ಆದರೆ ಆಗ ಬೇರೆ ತಲೆನೋವುಗಳು. ಎಂಜಿನ್ ಕೂರಲು ಹೊಸ ಮೌಂಟಿಂಗ್ ಮಾಡಬೇಕು, ಚಾಸಿಯ ಅಡ್ಡಪಟ್ಟಿ ಕತ್ತರಿಸಿ ಜಾಗ ಬದಲಿಸಬೇಕು, ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿಯೋ ಬೆಸೆದೋ ಅಳತೆಗೆ ತರಬೇಕು. 1954ರವರೆಗಿನ ಷೆವ್ರೊಲೆಗಳಲ್ಲಿ ಈ ಶಾಫ್ಟ್ ಮುಚ್ಚಿದ ಕೊಳವೆಯೊಳಗೆ ಇರುತ್ತಿದ್ದುದರಿಂದ ಹಿಂದಿನ ಆಕ್ಸಲ್‌ಗೂ ಕೈಹಾಕಬೇಕಾಗುತ್ತದೆ. ಕೊನೆಗೆ ಚಾಲಕನ ಕಾಲಬುಡ. ಆಟೋಮ್ಯಾಟಿಕ್ ಕಾರಿನ ಬ್ರೇಕ್ ಪೆಡಲ್ ಅಗಲವಾಗಿರುತ್ತದೆ. ಅದನ್ನು ಕತ್ತರಿಸಿ ಕಿರಿದುಮಾಡಿ ಪಕ್ಕದಲ್ಲಿ ಕ್ಲಚ್ ಪೆಡಲ್‌ಗೆ ಜಾಗ ಮಾಡಬೇಕು.

ಇಷ್ಟೆಲ್ಲ ಶ್ರಮ ಯಾಕೆ? ಹಳೆಯ ಕಾರನ್ನು ಬಿಟ್ಟು ಬೇರೆ ಕೊಳ್ಳಬಹುದಿತ್ತಲ್ಲ? ಕ್ಯೂಬಾದಲ್ಲಿ ಹಾಗಾಗುತ್ತಿರಲಿಲ್ಲ. 2011ರವರೆಗೆ ಅಲ್ಲಿನ ಸಾಮಾನ್ಯ ಪ್ರಜೆ ಮುಕ್ತವಾಗಿ ಮಾರಲು, ಕೊಳ್ಳಲು ಆಗುತ್ತಿದ್ದದ್ದು ಕ್ರಾಂತಿಗೆ ಮೊದಲು ದ್ವೀಪದಲ್ಲಿದ್ದ ಕಾರುಗಳನ್ನು ಮಾತ್ರ. ಹೀಗಾಗಿ 1950ರ ದಶಕದ ಆ ಒಡಲೇ ಆಸ್ತಿ. ಒಳಗಿನದೆಲ್ಲ ಬದಲಾಗಬಹುದು, ಒಡಲು ಮತ್ತು ಅದರ ಕಾಗದ ಉಳಿಯಬೇಕು. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಅಗ್ಗದ ತೈಲವೂ ನಿಂತಿತು. ಜನ ಚೀನಾದ ಸೈಕಲ್ ಹತ್ತಿದರು, ಬಸ್ಸಿಗಾಗಿ ಗಂಟೆಗಟ್ಟಲೆ ಕಾದರು. ಪೆಟ್ರೋಲ್ ಕುಡಿಯುವ 3.9 ಲೀಟರಿನ ಹಳೆಯ ಎಂಜಿನ್ ಇಟ್ಟುಕೊಂಡು ಬದುಕು ನಡೆಸಲಾಗದವರು ಕಡಿಮೆ ಖರ್ಚಿನ ಡೀಸೆಲ್ ಎಂಜಿನ್ ಹುಡುಕಿದರು. ಪೆಟ್ರೋಲ್ ಎಂಜಿನ್ನಿನ ವೇಗಕ್ಕೆ ಹೊಂದಿಸಿದ್ದ ಹಳೆಯ ಆಟೋಮ್ಯಾಟಿಕ್, ನಿಧಾನವಾಗಿ ತಿರುಗುವ ಡೀಸೆಲ್‌ಗೆ ಹೊಂದುವುದು ಕಷ್ಟ. ಹಾಗೆ ಇನ್ನೊಂದಷ್ಟು ಕಾರುಗಳಿಗೆ ಮೂರನೇ ಪೆಡಲ್ ಬಂತು. ಈ ಕಾರುಗಳಿಗೆ ಅಲ್ಲಿನ ಜನ ಇಟ್ಟ ಹೆಸರು ‘ಅಲ್ಮೆಂದ್ರೋನ್’, ಅಂದರೆ ದೊಡ್ಡ ಬಾದಾಮಿ. ಗೊತ್ತಾದ ದಾರಿಯಲ್ಲಿ ಐದಾರು ಜನರನ್ನು ತುಂಬಿಕೊಂಡು ಓಡುವ ಷೇರ್ ಟ್ಯಾಕ್ಸಿಗಳಾಗಿ ಅವು ಬಸ್ಸಿನ ಕೊರತೆಯನ್ನು ಅಷ್ಟಿಷ್ಟು ತುಂಬಿದವು.

ಬ್ರಿಟಿಷ್ ಇತಿಹಾಸಕಾರ ಡೇವಿಡ್ ಎಡ್ಜರ್ಟನ್ 2006ರಲ್ಲಿ ಪ್ರಕಟಿಸಿದ ‘ದ ಶಾಕ್ ಆಫ್ ದಿ ಓಲ್ಡ್’ ಪುಸ್ತಕದಲ್ಲಿ, ತಂತ್ರಜ್ಞಾನದ ಇತಿಹಾಸವನ್ನು ಆವಿಷ್ಕಾರದ ದಿನಾಂಕಗಳಿಂದ ಬರೆಯುವ ಬದಲು ಬಳಕೆ ಮತ್ತು ದುರಸ್ತಿಯ ಕಡೆಯಿಂದ ಬರೆಯಬೇಕೆಂದು ವಾದಿಸುತ್ತಾರೆ. ಕ್ಯೂಬಾದ ಕಲಾವಿದ ಎರ್ನೆಸ್ತೊ ಒರೋಸಾ ತನ್ನ ದೇಶದ ಇಂಥ ಕೈಕೆಲಸಗಳನ್ನು ‘ತಾಂತ್ರಿಕ ಅವಿಧೇಯತೆ’ ಎಂದು ಕರೆದಿದ್ದಾರೆ. ವಸ್ತು ಹೀಗೇ ಇರಬೇಕೆಂದು ತಯಾರಕ ವಿಧಿಸಿದ್ದನ್ನು ಬಳಸುವವನು ಒಪ್ಪದಿರುವುದು ಅದು. ಎರಡೂ ಮಾತುಗಳು ನನಗೆ ದಾರಿ ತೋರಿಸಿವೆ. ಆದರೂ ಒಂದು ಎಚ್ಚರ ಬೇಕು. ಜಾಣ್ಮೆಯನ್ನು ಹೊಗಳುವ ಭರದಲ್ಲಿ ಬಡತನವನ್ನೇ ಹೊಗಳಿಬಿಡುವ ಅಪಾಯವಿದೆ. ಹವಾನಾದ ಚಾಲಕ ಕ್ಲಚ್ಚನ್ನು ಪ್ರೀತಿಯಿಂದ ಆರಿಸಿಕೊಂಡವನಲ್ಲ. 1940ರ ಜಾಹೀರಾತು ಯಾವ ಶ್ರಮದಿಂದ ಬಿಡುಗಡೆ ಎಂದಿತ್ತೋ ಅದೇ ಶ್ರಮ ಅವನ ಎಡಗಾಲಿಗೆ ಮರಳಿತು. ಜನ ಕೈಮಾಡಿದಲ್ಲೆಲ್ಲ ನಿಲ್ಲುವ ಟ್ಯಾಕ್ಸಿಯಲ್ಲಿ, ಸೆಕೆಯಲ್ಲಿ, ದಿನವಿಡೀ ಅದನ್ನು ತುಳಿಯಬೇಕು. ಎಣ್ಣೆ, ಸೀಲು, ಕಾರ್ಖಾನೆ, ಹಡಗು ಎಲ್ಲ ಸೇರಿ ಹೊರುತ್ತಿದ್ದ ಭಾರವನ್ನು ಅವು ಇಲ್ಲವಾದಾಗ ಒಬ್ಬ ಮನುಷ್ಯನ ಮೊಣಕಾಲು ಹೊತ್ತಿತು.

ಹಾಗಾದರೆ ಇದು ಹಿನ್ನಡೆಯೇ? ಮೆಟ್ಟಿಲಿನ ಹೋಲಿಕೆಯನ್ನೇ ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಯಾವ ಯಂತ್ರ ಮುಂದುವರಿದದ್ದು ಎಂಬುದು ಯಂತ್ರದೊಳಗೆ ಬರೆದಿರುವುದಿಲ್ಲ. ಅದು ಕೆಟ್ಟಾಗ ಸುತ್ತ ಯಾರಿದ್ದಾರೆ, ಏನು ಸಿಗುತ್ತದೆ ಎಂಬುದರ ಮೇಲೆ ನಿಂತಿರುತ್ತದೆ. ಡೆಟ್ರಾಯಿಟಿನಲ್ಲಿ ಪವರ್‌ಗ್ಲೈಡ್ ಉತ್ತಮ ಗೇರ್‌ಬಾಕ್ಸ್. ಹವಾನಾದಲ್ಲಿ ವೋಲ್ಗಾದ ಮೂರು ಗೇರಿನ ಪೆಟ್ಟಿಗೆ ಅದಕ್ಕಿಂತ ಉತ್ತಮ, ಏಕೆಂದರೆ ನಾಳೆಯೂ ಅದು ಓಡುತ್ತದೆ.

ಅರ್ಲ್ ಥಾಂಪ್ಸನ್ನನ ಹೆಸರು ಪೇಟೆಂಟ್ ದಾಖಲೆಗಳಲ್ಲಿದೆ. ಸೋವಿಯತ್ ಎಂಜಿನ್ನಿಗೆ ಅಮೆರಿಕದ ಒಡಲಿನಲ್ಲಿ ಮೊದಲು ಜಾಗ ಮಾಡಿದ ಮೆಕ್ಯಾನಿಕ್‌ನ ಹೆಸರು ಯಾವ ಕಡತದಲ್ಲೂ ಸಿಗುವುದಿಲ್ಲ. ಅವನ ದಾಖಲೆ ಕಾರೇ: ಬೆಸುಗೆಯ ಗೆರೆ, ಜಾಗ ಬದಲಿಸಿದ ಅಡ್ಡಪಟ್ಟಿ, ನೆಲದ ತಗಡಿನಲ್ಲಿ ಕೊರೆದ ತೂತು. ಮುಂದೆಂದೋ ಇವು ಸಂಗ್ರಹಕಾರರ ಕೈಗೆ ಹೋದಾಗ ‘ಮೂಲ ಸ್ಥಿತಿಗೆ ತರುವ’ ಕೆಲಸ ಶುರುವಾಗುತ್ತದೆ. ಡೀಸೆಲ್ ಎಂಜಿನ್ ಇಳಿಯುತ್ತದೆ, ಎಲ್ಲಿಂದಲೋ ತರಿಸಿದ ಪವರ್‌ಗ್ಲೈಡ್ ಏರುತ್ತದೆ, ಮೂರನೇ ಪೆಡಲ್ ಗುಜರಿ ಸೇರುತ್ತದೆ. ಕಾರಿಗೆ 1955 ಮರಳಿ ಸಿಗಬಹುದು, ಆದರೆ ಆಮೇಲಿನ ಅಷ್ಟೂ ದಶಕಗಳು ಹೋಗುತ್ತವೆ. ಒಂದು ಕಾರನ್ನಾದರೂ ಇದ್ದ ಹಾಗೆಯೇ ಯಾರಾದರೂ ವಸ್ತುಸಂಗ್ರಹಾಲಯದಲ್ಲಿ ಇಡಲಿ. ನೋಡಲು ಬಂದವರು ಬಾಗಿಲು ತೆರೆದು ಬಗ್ಗಿದಾಗ, ಅರ್ಧ ಕತ್ತರಿಸಿದ ಆ ಬ್ರೇಕ್ ಪೆಡಲ್ ಮತ್ತು ಅದರ ಪಕ್ಕದ ಕ್ಲಚ್ ಅವರಿಗೆ ಕಾಣುವಂತಿರಲಿ.