ನೆರೆಯಲ್ಲಿ ಉಳಿದ ಭತ್ತ: ವಂಶವಾಹಿಗಳು ತೆರೆದು ಮುಚ್ಚುವ ಬಗೆ ಮತ್ತು ಬೀಜದ ಆಯ್ಕೆ



ಹರಿಹರ ತಾಲ್ಲೂಕಿನ ನಂದಿಗುಡಿ ಭಾಗದ ಭದ್ರಾ ಅಚ್ಚುಕಟ್ಟಿನಲ್ಲಿ ಭತ್ತವೇ ಮುಖ್ಯ ಬೆಳೆ. ಮುಂಗಾರಿನಲ್ಲಿ ತುಂಗಾ ಮತ್ತು ಭದ್ರಾ ಜಲಾಶಯಗಳಿಂದ ಹೆಚ್ಚು ನೀರು ಹೊರಬಿಟ್ಟಾಗ ಉಕ್ಕಡಗಾತ್ರಿ ಮೊದಲಾದ ನದೀತೀರದ ತಗ್ಗು ಗದ್ದೆಗಳಿಗೆ ತುಂಗಭದ್ರೆಯ ನೀರು ನುಗ್ಗುವುದುಂಟು. ನೀರು ಇಳಿದ ಮೇಲೆ ನೋಡಿದರೆ ಕೆಲವು ಪೈರು ಕೊಳೆತಿರುತ್ತವೆ, ಕೆಲವು ಮತ್ತೆ ಚಿಗುರುತ್ತವೆ. ಹೀಗೆ ಬದುಕುಳಿದ ಪೈರಿನ ಬೀಜವನ್ನು ಎತ್ತಿಟ್ಟುಕೊಂಡರೆ ಮುಂದಿನ ನೆರೆಯನ್ನು ಅದು ತಡೆದುಕೊಳ್ಳುವುದೇ? ಬೀಜಕ್ಕೆ, ನಾಟಿಗೆ, ಆಳುಗಳಿಗೆ ಹಾಕುವ ಹಣ ಈ ಉತ್ತರದ ಮೇಲೆ ನಿಂತಿರುವುದರಿಂದ ಸಸ್ಯಕೋಶದೊಳಗೆ ನಡೆಯುವುದನ್ನು ತಿಳಿದುಕೊಳ್ಳುವುದು ಅವಶ್ಯ.

ಗೇಣುದ್ದದ ದಾರ, ಕಣ್ಣಿಗೆ ಕಾಣದ ಡಬ್ಬಿ

ಭತ್ತದ ಪ್ರತಿ ಕೋಶದ ಕೇಂದ್ರದಲ್ಲಿ 12 ಜೊತೆ, ಅಂದರೆ 24 ವರ್ಣತಂತುಗಳಿವೆ. ಅವುಗಳಲ್ಲಿರುವ ಡಿಎನ್‌ಎ ಎಳೆಗಳನ್ನೆಲ್ಲ ಬಿಡಿಸಿ ಒಂದರ ತುದಿಗೆ ಒಂದನ್ನು ಜೋಡಿಸಿದರೆ ಸುಮಾರು 26 ಸೆಂಟಿಮೀಟರ್, ಅಂದರೆ ಗೇಣಿಗಿಂತ ಸ್ವಲ್ಪ ಹೆಚ್ಚು ಉದ್ದವಾಗುತ್ತದೆ. ಇಷ್ಟು ಉದ್ದದ ದಾರವು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾದ ಕೋಶಕೇಂದ್ರದೊಳಗೆ ಅಡಕವಾಗಿರಬೇಕು. ಇದಕ್ಕಾಗಿ ಹಿಸ್ಟೋನ್ ಎಂಬ ಪ್ರೋಟೀನುಗಳಿವೆ. ಎಂಟು ಹಿಸ್ಟೋನ್‌ಗಳು ಸೇರಿ ಒಂದು ಉಂಡೆಯಾಗುತ್ತವೆ. ಡಿಎನ್‌ಎಯ ಸುಮಾರು 147 ಅಕ್ಷರ ಜೋಡಿಗಳಷ್ಟು ಭಾಗವು ಆ ಉಂಡೆಗೆ ಎರಡು ಸುತ್ತಿಗಿಂತ ತುಸು ಕಡಿಮೆ ಸುತ್ತಿಕೊಳ್ಳುತ್ತದೆ. ಈ ಉಂಡೆಗೆ ನ್ಯೂಕ್ಲಿಯೋಸೋಮ್ ಎಂದೂ, ದಾರ ಮತ್ತು ಉಂಡೆಗಳು ಸೇರಿದ ಇಡೀ ರಚನೆಗೆ ಕ್ರೊಮ್ಯಾಟಿನ್ ಎಂದೂ ಹೆಸರು.

ಬೇರಿನ ಕೋಶದಲ್ಲಿಯೂ ಎಲೆಯ ಕೋಶದಲ್ಲಿಯೂ ಇರುವ ವಂಶವಾಹಿಗಳು ಒಂದೇ. ಆದರೂ ಬೇರು ಬೇರಾಗಿ, ಎಲೆ ಎಲೆಯಾಗಿ ಬೆಳೆಯುತ್ತದೆ. ಏಕೆಂದರೆ ಬಿಗಿಯಾಗಿ ಸುತ್ತಿಕೊಂಡ ಭಾಗದ ವಂಶವಾಹಿಯನ್ನು ಕೋಶವು ಓದಲಾರದು, ಸಡಿಲವಾದ ಭಾಗದ್ದನ್ನು ಓದಬಲ್ಲದು. ಕಾಲುವೆಯಲ್ಲಿ ನೀರಿದ್ದ ಮಾತ್ರಕ್ಕೆ ಗದ್ದೆ ತುಂಬುವುದಿಲ್ಲ, ತೂಬು ತೆರೆದಿರಬೇಕು. ವಂಶವಾಹಿಯ ವಿಷಯವೂ ಹಾಗೆಯೇ.

ತೂಬನ್ನು ತೆರೆಯುವ, ಮುಚ್ಚುವ ಗುರುತುಗಳು

ಹಿಸ್ಟೋನ್ ಉಂಡೆಯಿಂದ ಸಣ್ಣ ಬಾಲಗಳು ಹೊರಚಾಚಿರುತ್ತವೆ. ಕಿಣ್ವಗಳು ಈ ಬಾಲಗಳಿಗೆ ಪುಟ್ಟ ರಾಸಾಯನಿಕ ಗುಂಪುಗಳನ್ನು ಅಂಟಿಸುತ್ತವೆ ಅಥವಾ ಕಿತ್ತುಹಾಕುತ್ತವೆ. ಮುಖ್ಯವಾದವು ಇವು:

• ಅಸಿಟೈಲ್ ಗುರುತು: ಬಾಲದಲ್ಲಿರುವ ಲೈಸಿನ್‌ಗೆ ಧನ ವಿದ್ಯುದಂಶವಿದೆ, ಡಿಎನ್‌ಎಗೆ ಋಣ ವಿದ್ಯುದಂಶವಿದೆ. ಆದ್ದರಿಂದ ಅವೆರಡೂ ಪರಸ್ಪರ ಆಕರ್ಷಿಸುತ್ತವೆ. ಅಸಿಟೈಲ್ ಗುಂಪು ಅಂಟಿದಾಗ ಲೈಸಿನ್‌ನ ವಿದ್ಯುದಂಶ ಇಲ್ಲವಾಗಿ ಹಿಡಿತ ಸಡಿಲಗೊಳ್ಳುತ್ತದೆ, ವಂಶವಾಹಿ ತೆರೆದುಕೊಳ್ಳುತ್ತದೆ.

• ಎಚ್3 ಹಿಸ್ಟೋನ್‌ನ 4ನೇ ಲೈಸಿನ್ ಮೇಲೆ ಮೂರು ಮೀಥೈಲ್ ಗುಂಪು: ಸಾಮಾನ್ಯವಾಗಿ ಕೆಲಸ ಮಾಡುತ್ತಿರುವ ವಂಶವಾಹಿಯ ಆರಂಭದಲ್ಲಿ ಕಂಡುಬರುವ ಗುರುತು.

• ಅದೇ ಎಚ್3ರ 27ನೇ ಲೈಸಿನ್ ಮೇಲೆ ಮೂರು ಮೀಥೈಲ್ ಗುಂಪು: ವಂಶವಾಹಿಯನ್ನು ಮುಚ್ಚಿಡುವ ಗುರುತು.

ಗಮನಿಸಿ, ಮೀಥೈಲ್ ಗುಂಪು ಒಂದೇ ಆದರೂ ಅದು ಯಾವ ಸ್ಥಾನದಲ್ಲಿ ಅಂಟಿದೆ ಎಂಬುದರ ಮೇಲೆ ಅರ್ಥ ಬದಲಾಗುತ್ತದೆ. ಇವುಗಳಲ್ಲಿ ಯಾವ ಗುರುತೂ ಡಿಎನ್‌ಎಯಲ್ಲಿನ ಅಕ್ಷರಗಳನ್ನು ಬದಲಿಸುವುದಿಲ್ಲ.

ಪೈರು ಮುಳುಗಿದಾಗ ಆಗುವುದೇನು?

ನೀರಿನಡಿಯಲ್ಲಿ ಪೈರಿಗೆ ಆಮ್ಲಜನಕದ ಕೊರತೆಯಾಗುತ್ತದೆ. ಆಗ ಕೋಶವು ಸಕ್ಕರೆಯನ್ನು ಹುದುಗಿಸಿ ಜೀವ ಉಳಿಸಿಕೊಳ್ಳುತ್ತದೆ. ಈ ದಾರಿಯಲ್ಲಿ ಒಂದು ಗ್ಲೂಕೋಸ್ ಕಣದಿಂದ ಕೇವಲ 2 ಎಟಿಪಿ ಶಕ್ತಿಕಣಗಳು ದೊರೆಯುತ್ತವೆ. ಸಾಮಾನ್ಯ ಉಸಿರಾಟದಲ್ಲಿ ಇದರ ಹಲವು ಪಟ್ಟು ದೊರೆಯುತ್ತದೆ. ಹುದುಗುವಿಕೆಗೆ ಬೇಕಾದ ಎರಡು ಕಿಣ್ವಗಳ ವಂಶವಾಹಿಗಳು ಎಡಿಎಚ್1 ಮತ್ತು ಪಿಡಿಸಿ1.

ಜಪಾನಿನ ವಿಜ್ಞಾನಿಗಳು 2006ರಲ್ಲಿ ಭತ್ತದ ಸಸಿಗಳನ್ನು ಮುಳುಗಿಸಿ ಈ ಎರಡು ವಂಶವಾಹಿಗಳನ್ನು ಪರೀಕ್ಷಿಸಿದರು. ಮುಳುಗಿದ ಸಸಿಗಳಲ್ಲಿ ಎಚ್3ರ 4ನೇ ಲೈಸಿನ್ ಮೇಲಿದ್ದ ಎರಡು ಮೀಥೈಲ್ ಗುಂಪು ಮೂರಾಯಿತು, ಅಸಿಟೈಲ್ ಗುರುತೂ ಹೆಚ್ಚಿತು, ವಂಶವಾಹಿಗಳು ಚುರುಕಾದವು. ಸಸಿಗಳಿಗೆ ಮತ್ತೆ ಗಾಳಿ ದೊರೆತಾಗ ಗುರುತುಗಳು ಮೊದಲಿನ ಸ್ಥಿತಿಗೆ ಮರಳಿದವು. ಅಂದರೆ ನೆರೆಗೆ ಪೈರು ನೀಡುವ ಈ ಉತ್ತರ ತಾತ್ಕಾಲಿಕ. ನೀರು ಬಂದಾಗ ತೂಬು ತೆರೆಯುತ್ತದೆ, ನೀರು ಇಳಿದಾಗ ಮುಚ್ಚುತ್ತದೆ.

ತೂಬೇ ಇಲ್ಲದ ಕಡೆ ತೆರೆಯುವುದೇನನ್ನು?

ಎಡಿಎಚ್1 ಮತ್ತು ಪಿಡಿಸಿ1 ಎಲ್ಲ ಭತ್ತದ ತಳಿಗಳಲ್ಲಿಯೂ ಇವೆ. ಆದರೂ ಬಹುತೇಕ ತಳಿಗಳು ಪೂರ್ತಿ ಮುಳುಗಿದರೆ ಒಂದು ವಾರದ ಆಸುಪಾಸಿನಲ್ಲಿ ಸೋಲುತ್ತವೆ. ನೀರಿನಿಂದ ಮೇಲೆ ಬರಲು ಅವು ವೇಗವಾಗಿ ಉದ್ದ ಬೆಳೆದು, ಕೂಡಿಟ್ಟ ಸಕ್ಕರೆ ಮತ್ತು ಪಿಷ್ಟವನ್ನು ಖರ್ಚುಮಾಡಿಕೊಳ್ಳುವುದೇ ಇದಕ್ಕೆ ಮುಖ್ಯ ಕಾರಣ.

ಒಡಿಶಾದ ಎಫ್‌ಆರ್13ಎ ಎಂಬ ಹಳೆಯ ತಳಿಯಲ್ಲಿ ಸಬ್1ಎ ಎಂಬ ಬೇರೊಂದು ವಂಶವಾಹಿಯಿದೆ. 2006ರಲ್ಲಿಯೇ ಗುರುತಿಸಲಾದ ಇದು 9ನೇ ವರ್ಣತಂತುವಿನ ಮೇಲಿದೆ. ಮುಳುಗಿದಾಗ ಅದು ಪೈರಿನ ಬೆಳವಣಿಗೆಯನ್ನು ತಡೆಹಿಡಿದು ಆಹಾರವನ್ನು ಉಳಿಸುತ್ತದೆ. ಈ ವಂಶವಾಹಿಯನ್ನು ಸಂಕರಣದ ಮೂಲಕ ಸ್ವರ್ಣ ತಳಿಗೆ ಸೇರಿಸಿ ರೂಪಿಸಿದ ಸ್ವರ್ಣ-ಸಬ್1 ತಳಿಯು ನಮ್ಮ ದೇಶದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಅದು ಎರಡು ವಾರದವರೆಗಿನ ಪೂರ್ಣ ಮುಳುಗಡೆಯನ್ನು ತಾಳಿಕೊಳ್ಳಬಲ್ಲದು. ಬಿಪಿಟಿ 5204ರಲ್ಲಿ, ಅಂದರೆ ಸಾಂಬಾ ಮಸೂರಿಯಲ್ಲಿ, ಇದೇ ವಂಶವಾಹಿಯನ್ನು ಸೇರಿಸಿದ ಸಾಂಬಾ ಮಸೂರಿ-ಸಬ್1 ಕೂಡ ಇದೆ.

ಬಹುತೇಕ ತಳಿಗಳಲ್ಲಿ ಸಬ್1ಎ ಇಲ್ಲ, ಅಥವಾ ದುರ್ಬಲ ರೂಪದಲ್ಲಿದೆ. ಹಿಸ್ಟೋನ್ ಗುರುತುಗಳು ಇರುವ ವಂಶವಾಹಿಯನ್ನು ತೆರೆಯಬಲ್ಲವೇ ಹೊರತು ಇಲ್ಲದ ವಂಶವಾಹಿಯನ್ನು ಸೃಷ್ಟಿಸಲಾರವು. ಯಾವುದೇ ಟಾನಿಕ್, ಸಿಂಪಡಣೆ ಅಥವಾ ಬೀಜೋಪಚಾರದಿಂದ ಈ ಕೊರತೆ ನೀಗುವುದಿಲ್ಲ. ಅಂತಹ ಭರವಸೆಯನ್ನು ನಂಬಿ ಹಣ ಕಳೆದುಕೊಳ್ಳಬೇಡಿ.

ಬದುಕುಳಿದ ಪೈರಿನ ಬೀಜ

ಈಗ ಮೊದಲಿನ ಪ್ರಶ್ನೆಗೆ ಬರೋಣ. ನೆರೆ ಕಂಡ ಗದ್ದೆಯ ಬೀಜ ನೆರೆ ತಡೆಯುವ ಬೀಜವಲ್ಲ. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದಾಗಿ, ಮುಳುಗಿದಾಗ ಮೂಡಿದ ಗುರುತುಗಳು ನೀರು ಇಳಿದ ಮೇಲೆ ಉಳಿಯುವುದಿಲ್ಲ. ಆದ್ದರಿಂದ ಕಾಳಿನ ಮೂಲಕ ಮುಂದಿನ ಪೀಳಿಗೆಗೆ ಅವು ದಾಟುತ್ತವೆಂದು ನಂಬಿಕೊಳ್ಳುವಂತಿಲ್ಲ. ಎರಡನೆಯದಾಗಿ, ಭತ್ತವು ಸ್ವಕೀಯ ಪರಾಗಸ್ಪರ್ಶದ ಬೆಳೆ. ಶುದ್ಧ ತಳಿಯ ಒಂದೇ ಗದ್ದೆಯ ಪೈರುಗಳೆಲ್ಲ ವಂಶವಾಹಿಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಒಂದು ಪೈರು ಬದುಕಿ ಇನ್ನೊಂದು ಸತ್ತದ್ದಕ್ಕೆ ಬಹುಮಟ್ಟಿಗೆ ಅದು ನಿಂತ ಜಾಗದ ಎತ್ತರ, ನೀರಿನ ಕೆಸರು, ಸಸಿಯ ವಯಸ್ಸು ಮತ್ತು ಬಲ ಕಾರಣವಾಗಿರುತ್ತವೆ. ಇವು ಯಾವುವೂ ಬೀಜದಲ್ಲಿ ಸೇರುವುದಿಲ್ಲ. ಆದುದರಿಂದ ಸಹಿಷ್ಣುತೆ ಬೇಕಾದರೆ ತಳಿಯನ್ನೇ ಬದಲಿಸಬೇಕು.

ನೆರೆಗೆ ಮುನ್ನ ಅನುಸರಿಸಬೇಕಾದ ಕ್ರಮಗಳು

1. ಪದೇ ಪದೇ ಮುಳುಗುವ ಗದ್ದೆಗಳನ್ನು ಬೇರೆಯಾಗಿ ಗುರುತಿಸಿ, ಅಲ್ಲಿಗೆ ಮಾತ್ರ ಸಬ್1 ತಳಿಗಳ ಬಗ್ಗೆ ಯೋಚಿಸಿ. ಸ್ವರ್ಣ-ಸಬ್1 ದೀರ್ಘಾವಧಿ ತಳಿ. ಕಾಲುವೆ ನೀರಿನ ಅವಧಿ ಮತ್ತು ಅಕ್ಕಿಯ ಬೇಡಿಕೆಯನ್ನು ಪರಿಶೀಲಿಸಿ, ಮೊದಲ ವರ್ಷ ಸ್ವಲ್ಪ ಜಾಗದಲ್ಲಿ ಮಾತ್ರ ಬೆಳೆದು ನೋಡಿ.

2. ಬೀಜ ಕೊಳ್ಳುವಾಗ ಚೀಟಿಯ ಮೇಲಿನ ತಳಿಯ ಹೆಸರನ್ನು ಓದಿ. ಸ್ವರ್ಣ ಬೇರೆ, ಸ್ವರ್ಣ-ಸಬ್1 ಬೇರೆ. ಕಾಳು ನೋಡಿಯಷ್ಟೇ ನಿರ್ಧರಿಸಬೇಡಿ. ನೀಲಿ ಚೀಟಿಯ ಪ್ರಮಾಣಿತ ಬೀಜವನ್ನೇ ಆರಿಸಿ, ರಸೀದಿ ಉಳಿಸಿಕೊಳ್ಳಿ.

3. ಸಸಿಮಡಿಗೆ ಅತಿಯಾಗಿ ಸಾರಜನಕ ಕೊಡಬೇಡಿ. ಮೆದುವಾಗಿ ಬೆಳೆದ ಸಸಿಗಳಲ್ಲಿ ಆಹಾರ ಸಂಗ್ರಹ ಕಡಿಮೆ. ತಗ್ಗು ಗದ್ದೆಗೆ ಬಲಿತ, ಗಟ್ಟಿಯಾದ ಸಸಿಗಳು ಸೂಕ್ತ.

4. ಬಸಿಗಾಲುವೆಗಳ ಹೂಳನ್ನು ಮುಂಗಾರಿಗೆ ಮುನ್ನವೇ ತೆಗೆಸಿ.

ನೀರು ಇಳಿದ ಮೇಲೆ

1. ಅವಸರದಲ್ಲಿ ಗದ್ದೆಯನ್ನು ಮತ್ತೆ ಉಳಬೇಡಿ. ಅಲ್ಲಲ್ಲಿ ಕೆಲವು ಪೈರುಗಳ ಬುಡ ಸೀಳಿ ನೋಡಿ. ಒಳಗಿನ ಕುಡಿ ಬೆಳ್ಳಗೆ ಗಟ್ಟಿಯಾಗಿದ್ದರೆ ಪೈರು ಜೀವಂತ. ಕಂದಾಗಿ ಮೆತ್ತಗಾಗಿ ನಾರುತ್ತಿದ್ದರೆ ಸತ್ತಿದೆ. ಒಂದು ವಾರದಲ್ಲಿ ಹೊಸ ಎಲೆ ಕಾಣಿಸಿಕೊಳ್ಳಬೇಕು.

2. ಹೊಸ ಎಲೆ ಮೂಡುವವರೆಗೆ ಯೂರಿಯಾ ಹಾಕಬೇಡಿ. ಚಿಗುರಿದ ಮೇಲೆ ಸಾರಜನಕ ಮತ್ತು ಪೊಟ್ಯಾಷ್‌ಗಳನ್ನು ಮೇಲುಗೊಬ್ಬರವಾಗಿ ಶಿಫಾರಸಿನ ಪ್ರಮಾಣದಲ್ಲಿ ಕೊಡಿ.

3. ಸತ್ತ ಜಾಗಗಳಿಗೆ ಉಳಿದ ಸಸಿಗಳನ್ನು, ಇಲ್ಲವೇ ಚೆನ್ನಾಗಿರುವ ಬುಡಗಳಿಂದ ಬಿಡಿಸಿದ ತೆಂಡೆಗಳನ್ನು ನಾಟಿ ಮಾಡಿ.

4. ನೆರೆಯ ನಂತರ ದುಂಡಾಣು ಅಂಗಮಾರಿ ರೋಗ ಹೆಚ್ಚುವುದರಿಂದ ಎಲೆಯ ಅಂಚು ಹಳದಿಯಾಗಿ ಒಣಗುವುದನ್ನು ಗಮನಿಸುತ್ತಿರಿ.

5. ತೆನೆ ಬಲಿತ ಮೇಲೆ ಮುಳುಗಿದ ಬೆಳೆಯನ್ನು ಬೀಜಕ್ಕಾಗಿ ಇಡಬೇಡಿ. ಅನಿವಾರ್ಯವಾದರೆ 100 ಕಾಳುಗಳ ಮೊಳಕೆ ಪರೀಕ್ಷೆ ಮಾಡಿ. 80ಕ್ಕಿಂತ ಕಡಿಮೆ ಮೊಳೆತರೆ ಬಿತ್ತನೆಗೆ ಬಳಸಬೇಡಿ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ನೆರೆಯ ನಂತರ ಗ್ರಾಮಗಳಿಗೆ ಭೇಟಿ ನೀಡಿದಾಗ, ಬದುಕುಳಿದ ಪೈರಿನ ಕಾಳನ್ನು ಬೀಜಕ್ಕೆಂದು ಎತ್ತಿಟ್ಟಿರುವ ರೈತರನ್ನು ವಿಚಾರಿಸಿ. ಅವರ ಗಮನಿಸುವಿಕೆ ತಪ್ಪಲ್ಲ; ಪೈರು ನಿಜವಾಗಿಯೂ ಹೋರಾಡಿ ಉಳಿದಿದೆ. ಆದರೆ ಆ ಹೋರಾಟದ ನೆನಪು ಅದೇ ಪೈರಿನೊಂದಿಗೆ ಮುಗಿಯುತ್ತದೆ ಎಂಬುದನ್ನು ಕಾಲುವೆ ಮತ್ತು ತೂಬಿನ ಉದಾಹರಣೆಯಿಂದ ವಿವರಿಸಿ. ತಳಿಯ ಲಭ್ಯತೆ ಮತ್ತು ಸ್ಥಳೀಯ ಸೂಕ್ತತೆಗಾಗಿ ರೈತರನ್ನು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಕಳುಹಿಸಿ. ಬೀಜದ ನಿರ್ಧಾರವು ಸಸಿಮಡಿ ಹಾಕುವುದಕ್ಕೆ ಮೊದಲೇ ಆಗಬೇಕು. ನದಿಯ ನೀರು ಗದ್ದೆಗೆ ಬಂದ ಮೇಲೆ ತಳಿ ಬದಲಿಸಲು ಅವಕಾಶವಿರುವುದಿಲ್ಲ.